318 ತಿರುವು, ಮೂರು ಕಾರು, ಒಂದು ಲೆಕ್ಕ

ಅಮೆರಿಕದ ನಾರ್ತ್ ಕೆರೊಲಿನಾ ಮತ್ತು ಟೆನೆಸಿ ರಾಜ್ಯಗಳ ಗಡಿಯಲ್ಲಿ ಡೀಲ್ಸ್ ಗ್ಯಾಪ್ ಅಂತ ಒಂದು ಜಾಗ ಇದೆ. ಊರು ಅನ್ನೋಕೆ ಅಲ್ಲಿ ಏನೂ ಇಲ್ಲ. ಒಂದು ಮೋಟೆಲ್, ಪೆಟ್ರೋಲ್ ಹಾಕಿಸೋಕೆ ಪಂಪು, ತಿನ್ನೋಕೆ ಒಂದು ಜಾಗ, ಮತ್ತೆ ಒಂದು ಮರ. ಆ ಮರದ ತುಂಬ ಮುರಿದ ಬೈಕುಗಳ ಟ್ಯಾಂಕು, ಕನ್ನಡಿ, ಹ್ಯಾಂಡಲ್, ಒಡೆದ ಬಂಪರ್ ನೇತಾಡ್ತಾ ಇರುತ್ತವೆ. ಹರಕೆ ಕಟ್ಟಿದ ಮರದ ಹಾಗೆ ಕಾಣುತ್ತೆ. ಆದರೆ ಇದರ ಹೆಸರು ನಾಚಿಕೆ ಮರ. ಇಲ್ಲಿಂದ ಮುಂದೆ ಬಿದ್ದವರೆಲ್ಲ ತಮ್ಮ ಗಾಡಿಯ ಒಂದು ಚೂರನ್ನು ತಂದು ಕಟ್ಟಿ ಹೋಗಿದ್ದಾರೆ.

ಯಾಕೆ ಬೀಳ್ತಾರೆ ಅಂದರೆ, ಇಲ್ಲಿಂದ ಟೆನೆಸಿ ಕಡೆಗೆ ಹೋಗೋ ಯುಎಸ್ 129 ಹೆದ್ದಾರಿಯಲ್ಲಿ 11 ಮೈಲಿಗೆ 318 ತಿರುವುಗಳಿವೆ. ಕಿಲೋಮೀಟರಿನಲ್ಲಿ ಹೇಳೋದಾದರೆ 18ಕ್ಕೂ ಸ್ವಲ್ಪ ಕಡಿಮೆ. ಭಾಗಿಸಿ ನೋಡಿ, ಸರಾಸರಿ 56 ಮೀಟರಿಗೊಂದು ತಿರುವು. ಆಗುಂಬೆಯ 14 ತಿರುವಿಗೇ ಬಸ್ಸಿನ ಕಿಟಕಿ ಹುಡುಕೋರು ನಾವು! ಒಂದು ಕಡೆ ಗ್ರೇಟ್ ಸ್ಮೋಕಿ ಮೌಂಟೆನ್ಸ್ ರಾಷ್ಟ್ರೀಯ ಉದ್ಯಾನ, ಇನ್ನೊಂದು ಕಡೆ ಚೆರೋಕಿ ರಾಷ್ಟ್ರೀಯ ಅರಣ್ಯ. ನಡುವೆ ಅಡ್ಡರಸ್ತೆ ಇಲ್ಲ, ಮನೆ ಇಲ್ಲ, ಅಂಗಡಿ ಇಲ್ಲ. ಈ ರಸ್ತೆಗೆ ಜನ ಇಟ್ಟ ಹೆಸರು ಟೇಲ್ ಆಫ್ ದಿ ಡ್ರ್ಯಾಗನ್. ಡ್ರ್ಯಾಗನ್ನಿನ ಬಾಲ. ವೇಗದ ಮಿತಿ ಗಂಟೆಗೆ 30 ಮೈಲಿ, ಅಂದರೆ 48 ಕಿಲೋಮೀಟರ್.

ನಾನು ಅಲ್ಲಿಗೆ ಹೋಗಿದ್ದು ಬರೀ ರಸ್ತೆ ನೋಡೋಕಲ್ಲ, ಕಾರು ಆರಿಸೋಕೆ.

ಅಟ್ಲಾಂಟಾ ಪಕ್ಕದ ಆಲ್ಫರೆಟಾದಲ್ಲಿ ನಮ್ಮ ಮನೆ. ಮನೆಗೊಂದು ಕ್ಯಾಮ್ರಿ ಇದೆ. ಅದಕ್ಕೆ ಆಯಿಲ್ ಹಾಕಿದರೆ ಸಾಕು, ಮಾತಾಡದೆ ಓಡುತ್ತೆ. ಎರಡನೇ ಕಾರಿಗೆ ಅಂತ ಐದು ವರ್ಷದಲ್ಲಿ 30 ಸಾವಿರ ಡಾಲರ್ ಕೂಡಿಟ್ಟಿದ್ದೆ. ಚಿಕ್ಕಂದಿನಿಂದ ಇದ್ದ ಆಸೆ ಒಂದೇ, ಒಂದು ಸ್ಪೋರ್ಟ್ಸ್ ಕಾರು. ಹೆಂಡತಿ ಬೇಡ ಅನ್ನಲಿಲ್ಲ. "ತಗೊಳ್ಳಿ. ಆದ್ರೆ ಒಂದಿನ ಇಲ್ಲಿಂದ ಹೊರಡಬೇಕು ಅಂತಾದ್ರೆ ಅದನ್ನ ಎಷ್ಟು ಬೇಗ ಮಾರಬಹುದು, ಅದೊಂದು ಹೇಳಿ" ಅಂದಳು. ಎಚ್‌1ಬಿ ವೀಸಾದಲ್ಲಿ ಇರೋರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಸಿಗಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು.

ಹಾಗಾಗಿ ಏಪ್ರಿಲ್‌ನ ಒಂದು ಶನಿವಾರ ಬೆಳಕು ಹರಿಯೋ ಮುಂಚೆ ನಾಲ್ಕು ಜನ, ಮೂರು ಕಾರಿನಲ್ಲಿ ಹೊರಟೆವು. ಮೂವರು ಗೆಳೆಯರದ್ದು ಒಂದೊಂದು ಕಾರು: ಮಜ್ದಾ ಮಿಯಾಟಾ, ಟೊಯೋಟಾ ಜಿಆರ್86, ಮತ್ತೆ 2003ರ ಪೋರ್ಷೆ ಬಾಕ್ಸ್‌ಟರ್ ಎಸ್. ನಾನು ಖಾಲಿ ಕೈ. ದಾರಿಯುದ್ದಕ್ಕೂ ಒಂದೊಂದು ಕಾರು ಓಡಿಸಿ ನೋಡೋದು ಅಂತ ಮಾತಾಗಿತ್ತು.

ಡಲೋನೆಗ ದಾಟಿದ ಮೇಲೆ ಬೆಟ್ಟ ಶುರು. ಬ್ಲಡ್ ಮೌಂಟೆನ್ ಹತ್ತಿ ನೀಲ್ ಗ್ಯಾಪ್ ಹತ್ತಿರ ಹೋದರೆ, ಬೆನ್ನಿಗೆ ದೊಡ್ಡ ಚೀಲ ಹೊತ್ತ ಚಾರಣಿಗರು ಸಿಗ್ತಾರೆ. ಜಾರ್ಜಿಯಾದಿಂದ ಮೇನ್ ರಾಜ್ಯದವರೆಗೆ ಹೋಗೋ ಅಪಲೇಷಿಯನ್ ಟ್ರೇಲ್ ಅಲ್ಲೇ ರಸ್ತೆ ದಾಟುತ್ತೆ. ಅವರ ಖರ್ಚು ಬರೀ ಶೂ, ನಮ್ಮದು ನೋಡಿ ಅಂತ ಬಾಕ್ಸ್‌ಟರ್ ಗೆಳೆಯ ನಕ್ಕ.

ರಾಬಿನ್ಸ್‌ವಿಲ್ ಎಂಬ ಸಣ್ಣ ಊರಲ್ಲಿ ಮೂರೂ ಕಾರಿಗೆ ಟ್ಯಾಂಕ್ ತುಂಬಿಸಿದೆವು. ಮನೆಯಿಂದ ಅಲ್ಲಿಗೆ ಸುಮಾರು 140 ಮೈಲಿ. ಮಿಯಾಟಾ ಕುಡಿದದ್ದು ನಾಲ್ಕು ಗ್ಯಾಲನ್ ಚಿಲ್ಲರೆ, ಜಿಆರ್86 ಐದೂವರೆ, ಬಾಕ್ಸ್‌ಟರ್ ಆರು ದಾಟಿತ್ತು. ಮೂರಕ್ಕೂ ಪ್ರೀಮಿಯಂ ಪೆಟ್ರೋಲೇ ಹಾಕಿದ್ದು. ಗ್ಯಾಲನ್‌ಗೆ ನಾಲ್ಕು ಡಾಲರ್ ಅಂತಿಟ್ಟುಕೊಳ್ಳಿ, ಅತಿ ಕಡಿಮೆಗೂ ಅತಿ ಹೆಚ್ಚಿಗೂ ಇದ್ದ ವ್ಯತ್ಯಾಸ ಏಳೆಂಟು ಡಾಲರ್. ಒಂದು ಬರ್ಗರ್ ದುಡ್ಡು.

ಊರಿಗೆ ಫೋನ್ ಮಾಡಿದರೆ ಎಲ್ಲರೂ ಕೇಳೋ ಮೊದಲ ಪ್ರಶ್ನೆ "ಎಷ್ಟು ಮೈಲೇಜ್ ಕೊಡುತ್ತೆ?" ಅಂತ. ಇಂಥ ಕಾರಿನ ವಿಷಯದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ವರ್ಷಕ್ಕೆ 8 ಸಾವಿರ ಮೈಲಿ ಓಡಿಸ್ತೀರಿ ಅನ್ನಿ. ಅಮೆರಿಕ ಸರ್ಕಾರದ ಅಂದಾಜಿನಂತೆ ಈಗಿನ ಮಿಯಾಟಾ ಗ್ಯಾಲನ್‌ಗೆ ಸರಾಸರಿ 29 ಮೈಲಿ, ಮ್ಯಾನ್ಯುಯಲ್ ಜಿಆರ್86 22 ಮೈಲಿ, 5 ಲೀಟರಿನ ವಿ8 ಎಂಜಿನ್ ಇರೋ ಮಸ್ಟಾಂಗ್ ಜಿಟಿ 18ರ ಆಸುಪಾಸು. ವರ್ಷದ ಪೆಟ್ರೋಲ್ ಖರ್ಚು ಕ್ರಮವಾಗಿ 1,100, 1,450 ಮತ್ತು 1,780 ಡಾಲರ್. ಎಂಟು ಸಿಲಿಂಡರಿನ ದೈತ್ಯನಿಗೂ ಪುಟ್ಟ ಮಿಯಾಟಾಕ್ಕೂ ವರ್ಷಕ್ಕೆ 700 ಡಾಲರ್ ಕೂಡ ವ್ಯತ್ಯಾಸ ಇಲ್ಲ. ಹಾಗಾದ್ರೆ ದುಡ್ಡು ಎಲ್ಲಿ ಹೋಗುತ್ತೆ? ಅದು ಬೆಟ್ಟದಲ್ಲಿ ಗೊತ್ತಾಗುತ್ತೆ.

ರಾಬಿನ್ಸ್‌ವಿಲ್‌ನಿಂದ ಮುಂದೆ ನದಿ ಪಕ್ಕದಲ್ಲೇ ರಸ್ತೆ. ಚಿಯೋವಾ ಅಣೆಕಟ್ಟು ಸಿಗುತ್ತೆ. 1993ರ 'ದಿ ಫ್ಯುಜಿಟಿವ್' ಸಿನಿಮಾದಲ್ಲಿ ಹ್ಯಾರಿಸನ್ ಫೋರ್ಡ್ ಪಾತ್ರ ಅಣೆಕಟ್ಟಿನಿಂದ ಧುಮುಕುತ್ತಲ್ಲ, ಅದನ್ನು ತೆಗೆದದ್ದು ಇಲ್ಲೇ. ಒಂದು ಫೋಟೋ, ಮುಂದಕ್ಕೆ.

ಮೊದಲ ಸುತ್ತಿಗೆ ಮಿಯಾಟಾ ನನ್ನ ಕೈಗೆ ಬಂತು. ಟಾಪ್ ಬಿಚ್ಚೋಕೆ ಒಂದು ಕೊಂಡಿ ತೆಗೆದು ಹಿಂದಕ್ಕೆ ಎಸೆದರೆ ಮುಗೀತು, ಮೋಟಾರೂ ಇಲ್ಲ, ಕೆಡೋಕೆ ಏನೂ ಇಲ್ಲ. ಸುಮಾರು 1,060 ಕಿಲೋ ತೂಕ, 181 ಕುದುರೆ ಶಕ್ತಿ. ತಿರುವಿಗೆ ಇಳಿದಾಗ ಕಾರು ಸ್ವಲ್ಪ ಬಾಗುತ್ತೆ, ಆ ಬಾಗೋದರಲ್ಲೇ ಟೈರು ಏನು ಮಾಡ್ತಿದೆ ಅಂತ ಬೆನ್ನಿಗೆ ತಿಳಿಯುತ್ತೆ. ಎರಡನೇ ಗೇರ್, ಮೂರು, ಮತ್ತೆ ಎರಡು. ಒಂದು ತಿರುವು ಬಿಚ್ಚಿಕೊಳ್ಳೋ ಮೊದಲೇ ಇನ್ನೊಂದು. ಕೆಲವಕ್ಕೆ ಹೆಸರೂ ಉಂಟು: ಗ್ರ್ಯಾವಿಟಿ ಕ್ಯಾವಿಟಿ ಅನ್ನೋ ಕಡೆ ರಸ್ತೆ ಕೆಳಗೆ ಕುಸಿದು ಮೇಲೇಳುತ್ತೆ, ಹೊಟ್ಟೆ ಒಂದು ಕ್ಷಣ ಹಿಂದೆ ಉಳಿಯುತ್ತೆ. ಬ್ರೇಕ್ ಆರ್ ಬಸ್ಟ್ ಬೆಂಡ್ ಅನ್ನೋದಕ್ಕೆ ವಿವರಣೆ ಬೇಡ. ಮಧ್ಯದಲ್ಲಿ ಜೋಡಿ ಹಳದಿ ಗೆರೆ, ದಾಟಿದರೆ ಪೊಲೀಸ್ ಚೀಟಿ. ಅದಕ್ಕಿಂತ ಮುಖ್ಯ, ಎದುರಿಂದ ಬರೋ ಬೈಕಿನವನು ವಾಲಿಕೊಂಡು ಆ ಗೆರೆಗೇ ತಲೆ ತಾಗಿಸಿಕೊಂಡಿರ್ತಾನೆ. ಚಾರ್ಮಾಡಿಯಲ್ಲಿ ಬಸ್ಸು ಎದುರಾದಾಗ ಬರೋ ಎಚ್ಚರ ಇಲ್ಲೂ ಬೇಕು. ಹಿಂದಿನವನಿಗೆ ಅವಸರ ಇದ್ದರೆ ಪಕ್ಕದ ಜಾಗಕ್ಕೆ ಸರಿದು ದಾರಿ ಬಿಡೋದು ಇಲ್ಲಿನ ಮರ್ಯಾದೆ.

ನನಗೆ ಹೊಳೆದದ್ದು ಇಷ್ಟು. 48 ಕಿಲೋಮೀಟರ್ ಮಿತಿಯ ರಸ್ತೆಯಲ್ಲಿ 181 ಕುದುರೆಗೇ ಪೂರ್ತಿ ಕೆಲಸ ಸಿಗಲಿಲ್ಲ. 460 ಕುದುರೆಯ ಮಸ್ಟಾಂಗ್ ಇಲ್ಲಿಗೆ ಬಂದರೆ ಮುಕ್ಕಾಲು ಪಾಲು ಲಾಯದಲ್ಲೇ ನಿಂತಿರುತ್ತವೆ. ಲಾಯದಲ್ಲಿ ನಿಂತ ಕುದುರೆಗೂ ಹುರುಳಿ ಹಾಕಬೇಕಲ್ಲ! ಮಸ್ಟಾಂಗ್ ತೂಕ ಸುಮಾರು 1,680 ಕಿಲೋ. ಒಂದೇ ವೇಗದಲ್ಲಿ ಬರ್ತಿರೋ ಎರಡು ಕಾರು ನಿಲ್ಲಿಸಬೇಕು ಅಂದರೆ, ಮಸ್ಟಾಂಗಿನ ಬ್ರೇಕು ಮಿಯಾಟಾದ ಬ್ರೇಕಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿಯನ್ನು ಶಾಖ ಮಾಡಿ ಬಿಸಾಕಬೇಕು. ಪ್ರತಿ ತಿರುವಿಗೂ, 318 ಸಲ. ಅದಕ್ಕೇ ದೊಡ್ಡ ಡಿಸ್ಕು, ದೊಡ್ಡ ಪ್ಯಾಡು, ಅಗಲದ ಟೈರು. ಎಲ್ಲವೂ ತೂಕದ ಬಾಲ ಹಿಡಿದು ಬಂದ ಖರ್ಚು. ಟೈರ್ ಅಂಗಡಿಯಲ್ಲಿ ವಿಚಾರಿಸಿದ್ದೆ: ಮಿಯಾಟಾದ 17 ಇಂಚಿನ ನಾಲ್ಕು ಟೈರಿಗೆ 650 ಡಾಲರ್ ಅಂದರು, 19 ಇಂಚಿನ ಅಗಲದ ಸೆಟ್ಟಿಗೆ ಅದರ ದುಪ್ಪಟ್ಟು. ಬೇಸಿಗೆಯ ಸ್ಪೋರ್ಟ್ಸ್ ಟೈರು ಮೃದು, ಬೇಗ ಸವೆಯುತ್ತೆ. ಸುಮಾರು 7 ಡಿಗ್ರಿಗಿಂತ ಚಳಿಯಾದರೆ ಹಿಡಿತವನ್ನೂ ಕಳಕೊಳ್ಳುತ್ತೆ. ಚಳಿಗಾಲ ಇರೋ ಊರಲ್ಲಿದ್ದರೆ ಎರಡು ಸೆಟ್ಟು ಬೇಕು ಅಂತಲೇ ಲೆಕ್ಕ ಹಾಕಿ.

ಹಿಂದಿರುಗುವಾಗ ಜಿಆರ್86. ಇದಕ್ಕೆ ಗಟ್ಟಿ ಛಾವಣಿ, ಹೆಸರಿಗೆ ಹಿಂದೆ ಎರಡು ಸೀಟು. ಸೀಟು ಅನ್ನೋದಕ್ಕಿಂತ ತರಕಾರಿ ಚೀಲದ ಜಾಗ ಅನ್ನಿ. 2.4 ಲೀಟರ್, 228 ಕುದುರೆ, 1,280 ಕಿಲೋ ಆಸುಪಾಸು. ಎಂಜಿನ್ ಸುಬಾರುದು, ಸಿಲಿಂಡರುಗಳು ಎದೆ ಮಟ್ಟಕ್ಕೆ ಏಳದೆ ಎಡಬಲಕ್ಕೆ ಮಲಗಿರುತ್ತವೆ. ಭಾರ ನೆಲಕ್ಕೆ ಹತ್ತಿರ ಆದ್ದರಿಂದ ಕಾರು ಬಾಗೋದೇ ಇಲ್ಲ ಅನ್ನಿಸುತ್ತೆ. ನಿಜ ಹೇಳಬೇಕು, ಆ ದಿನ ಅತಿ ಚೆನ್ನಾಗಿ ತಿರುಗಿದ್ದು ಇದೇ. ಆದರೆ ಅದೇ ಮಲಗಿದ ಎಂಜಿನ್ನಿನ ಇನ್ನೊಂದು ಮುಖವೂ ಉಂಟು. 2018ರ ಕೊನೆಯಲ್ಲಿ ಸುಬಾರು, ಇದರ ಹಿಂದಿನ ತಲೆಮಾರಿನ ಮೊದಲ ವರ್ಷಗಳ ಕಾರುಗಳನ್ನು ವಾಲ್ವ್ ಸ್ಪ್ರಿಂಗ್ ಬದಲಿಸೋಕೆ ಅಂತ ವಾಪಸ್ ಕರೆಯಿತು. ಸ್ಪ್ರಿಂಗ್ ಅಂದರೆ ಬೆರಳಷ್ಟು ಉದ್ದ. ಆದರೆ ಅದನ್ನು ಮುಟ್ಟೋಕೆ ಇಡೀ ಎಂಜಿನ್ ಹೊರಗೆ ತೆಗೀಬೇಕಿತ್ತು. ಕಂಪನಿಯೇ ಖರ್ಚು ಹೊತ್ತಿತು, ಸರಿ. ವಾರಂಟಿ ಮುಗಿದ ಮೇಲೆ ಅಂಥದ್ದೇ ಇನ್ನೊಂದು ಬಂದರೆ? ಬಿಡಿಭಾಗದ ಬೆಲೆ ಕೇಳಬೇಡಿ, ಅದನ್ನು ತಲುಪೋಕೆ ಎಷ್ಟು ಗಂಟೆ ಅಂತ ಕೇಳಿ. ಇಲ್ಲಿನ ಮೆಕ್ಯಾನಿಕ್ ಗಂಟೆ ಲೆಕ್ಕದಲ್ಲಿ ಬಿಲ್ ಮಾಡ್ತಾನೆ, ಅದೂ ಮೂರಂಕಿಯಲ್ಲಿ.

ಮಿಯಾಟಾ ಏನು ದೇವರಲ್ಲ. ಈಗಿನ ಮಾದರಿಯ ಮೊದಲ ವರ್ಷಗಳಲ್ಲಿ, 2016ರ ಸುಮಾರಿಗೆ, ಮ್ಯಾನ್ಯುಯಲ್ ಗೇರ್‌ಬಾಕ್ಸ್ ಒಡೆದ ದೂರುಗಳು ಬಂದಿದ್ದವು. ಮಜ್ದಾ ಆಮೇಲೆ ಅದನ್ನು ಪರಿಷ್ಕರಿಸಿತು. ಹಳೆಯದು ಕೊಳ್ಳೋರು 2019 ಮತ್ತು ಆನಂತರದ್ದನ್ನು ಹುಡುಕೋದಕ್ಕೆ ಅದೂ ಒಂದು ಕಾರಣ. ಶಕ್ತಿ 155ರಿಂದ 181 ಕುದುರೆಗೆ ಏರಿದ್ದೂ ಆ ವರ್ಷವೇ.

ಇನ್ನು ಬಾಕ್ಸ್‌ಟರ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕಂದರೆ ನಮ್ಮಂಥವರು ಜಾರಿ ಬೀಳೋದೇ ಇಲ್ಲಿ.

ಗೆಳೆಯ ಇದನ್ನು ಕೊಂಡದ್ದು 14 ಸಾವಿರ ಡಾಲರಿಗೆ. ಹೊಸದರಲ್ಲಿ 50 ಸಾವಿರ ದಾಟಿದ್ದ ಕಾರು. ಎಂಜಿನ್ ನಿಮ್ಮ ಬೆನ್ನ ಹಿಂದೆ, ಆರು ಸಿಲಿಂಡರ್, 258 ಕುದುರೆ. ಸ್ಟಿಯರಿಂಗ್‌ನಲ್ಲಿ ರಸ್ತೆಯ ಪ್ರತಿ ಕಲ್ಲೂ ಬೆರಳಿಗೆ ಸಿಗುತ್ತೆ. ಕಾಲ್ಡರ್‌ವುಡ್ ಅಣೆಕಟ್ಟು ಕಾಣೋ ತಿರುವಿನಿಂದ ಕೆಳಗಿಳಿವಾಗ ಆ ಎಂಜಿನ್ ಕಿವಿ ಹತ್ತಿರ ಹಾಡಿದ ರೀತಿಗೆ ನಾನು ಸೋತೆ. ಕಾರಿನ ಬೆಲೆಗೇ ನೋಡಿದರೆ ಇದಕ್ಕಿಂತ ಲಾಭದ ವ್ಯಾಪಾರ ಇಲ್ಲ.

ಆದರೆ ನಾನು ಓಡಿಸ್ತಿದ್ದಾಗ ಪಕ್ಕದಲ್ಲಿ ಕೂತ ಗೆಳೆಯನ ಕಣ್ಣು ರಸ್ತೆ ಮೇಲಿರಲಿಲ್ಲ, ಬಿಸಿ ತೋರಿಸೋ ಮುಳ್ಳಿನ ಮೇಲಿತ್ತು. ಆ ಕಾಲದ ಬಾಕ್ಸ್‌ಟರ್ ಎಂಜಿನ್ನಿನಲ್ಲಿ ಐಎಂಎಸ್ ಅನ್ನೋ ಒಂದು ನಡುವಣ ಶಾಫ್ಟ್ ಇದೆ, ಅದರ ತುದಿಯಲ್ಲಿ ಒಂದು ಬೇರಿಂಗ್. ಅದು ಒಡೆದರೆ ವಾಲ್ವುಗಳ ತಾಳ ತಪ್ಪಿ, ಪಿಸ್ಟನ್ ಹೋಗಿ ವಾಲ್ವಿಗೆ ಬಡಿದು, ಎಂಜಿನ್ನೇ ಮುಗೀತು. ಎಲ್ಲದರಲ್ಲೂ ಒಡೆಯೋದಿಲ್ಲ, ಬಹುಪಾಲು ಕಾರುಗಳು ಸುಖವಾಗಿ ಓಡಿವೆ. ಆದರೂ ಅಮೆರಿಕದಲ್ಲಿ ಗ್ರಾಹಕರು ಒಟ್ಟಾಗಿ ಕೋರ್ಟಿಗೆ ಹೋಗಿ, 2001ರಿಂದ 2005ರ ನಡುವೆ ತಯಾರಾದ ಕಾರುಗಳ ಬಗ್ಗೆ 2013ರಲ್ಲಿ ಪೋರ್ಷೆ ರಾಜಿ ಮಾಡಿಕೊಂಡಿತು. 2009ರ ಮಾದರಿಯಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಹಳೆಯದಕ್ಕೆ ಬೇರಿಂಗ್ ಬದಲಿಸಬಹುದು, ಅದಕ್ಕೆ ಗೇರ್‌ಬಾಕ್ಸ್ ಕೆಳಗಿಳಿಸಬೇಕು. ಅದಕ್ಕೇ ತಿಳಿದವರು ಕ್ಲಚ್ ಹಾಕಿಸುವಾಗಲೇ ಅದನ್ನೂ ಮುಗಿಸ್ತಾರೆ. ಗೆಳೆಯನೂ ಹಾಗೇ ಮಾಡಿಸಿದ್ದ. ಅವನ ಕಾರಿನ ಜೊತೆ ಒಂದು ದಪ್ಪ ಫೈಲು ಬರುತ್ತೆ, ಹಿಂದಿನ ಇಬ್ಬರು ಒಡೆಯರ ಕಾಲದ ರಸೀದಿಗಳೂ ಸೇರಿ. "ಕಾರ್ ಅಲ್ಲ ಮಾರಾಯ, ಈ ಫೈಲ್ ನೋಡಿ ದುಡ್ಡು ಕೊಟ್ಟೆ" ಅಂದ. ಕ್ಲಚ್ಚು, ಬೇರಿಂಗು, ಕೂಲಿ ಸೇರಿ ಮೂರು ಸಾವಿರದ ಮೇಲೆ.

ಇಲ್ಲಿ ಒಂದು ಸರಳ ಸಂಗತಿ ಇದೆ. ಕಾರಿನ ಬೆಲೆ ಇಳಿಯುತ್ತೆ, ಬಿಡಿಭಾಗದ ಬೆಲೆ ಇಳಿಯೋಲ್ಲ. 14 ಸಾವಿರಕ್ಕೆ ಸಿಕ್ಕರೂ ಅದು 50 ಸಾವಿರದ ಕಾರಿನ ಹಾಗೇ ಊಟ ಕೇಳುತ್ತೆ. ಮುಂದಿನ ಟೈರಿಗೂ ಹಿಂದಿನ ಟೈರಿಗೂ ಅಳತೆ ಬೇರೆ, ಆದ್ದರಿಂದ ಸಮನಾಗಿ ಸವೆಯಲಿ ಅಂತ ಹಿಂದುಮುಂದು ಅದಲುಬದಲು ಮಾಡೋಕೂ ಆಗಲ್ಲ. ಹಿಂದಿನದು ಬೇಗ ಹೋಗುತ್ತೆ, ಜೋಡಿಯಾಗಿ ಕೊಳ್ಳಬೇಕು. ಎಂಜಿನ್ ನೋಡಬೇಕು ಅಂದ್ರೆ ಬಾನೆಟ್ ಎತ್ತಿದರೆ ಕಾಣೋದು ಸಾಮಾನಿನ ಡಬ್ಬ! ಹಾಗಂತ ಗೆಳೆಯ ಮೋಸ ಹೋಗಿಲ್ಲ. ಅವನ ಹತ್ತಿರ ಗ್ರೀನ್ ಕಾರ್ಡ್ ಇದೆ, ಸ್ವಂತ ಗ್ಯಾರೇಜ್ ಇದೆ, ಭಾನುವಾರಗಳಿವೆ.

ಬಾಡಿಗೆ ಫ್ಲಾಟಿನಲ್ಲಿರೋ ನನ್ನ ಹತ್ತಿರ ಅದ್ಯಾವುದೂ ಇಲ್ಲ.

ಡೀಲ್ಸ್ ಗ್ಯಾಪಿನಲ್ಲಿ ಊಟ ಮಾಡುವಾಗ ನಮ್ಮ ಮಾತು ಹೋದದ್ದು ಬರದೇ ಇದ್ದ ಐದನೆಯವನ ಕಡೆಗೆ. ದಾವಣಗೆರೆಯ ಹುಡುಗ. ದೊಡ್ಡ ವಿ8 ಕಾರನ್ನು ಪೂರ್ತಿ ಸಾಲದಲ್ಲಿ ಕೊಂಡಿದ್ದ. ಎರಡು ವರ್ಷ ಆಗೋದ್ರೊಳಗೆ ಕೆಲಸ ಹೋಯಿತು. ಬ್ಯಾಂಕಿಗೆ ಇನ್ನೂ 31 ಸಾವಿರ ಕೊಡಬೇಕಿತ್ತು, ಮಾರೋಕೆ ಹೋದರೆ 26 ಸಾವಿರಕ್ಕಿಂತ ಮೇಲೆ ಯಾರೂ ಕೇಳಲಿಲ್ಲ. ಕಾರಿನಲ್ಲಿ ಒಂದು ತಪ್ಪೂ ಇರಲಿಲ್ಲ. ಒಂದು ದಿನವೂ ಕೈ ಕೊಟ್ಟಿರಲಿಲ್ಲ. 60 ದಿನದ ಗಡಿಯಾರ ಓಡ್ತಾ ಇರುವಾಗ, ಕೈಯಿಂದ 5 ಸಾವಿರ ಡಾಲರ್ ಹಾಕಿ ಕಾರನ್ನು ಬಿಟ್ಟುಕೊಟ್ಟು ವಿಮಾನ ಹತ್ತಿದ. ಅವನ ಕಾರು ನಂಬಿಕಸ್ತವೋ ಅಲ್ಲವೋ? ಮೇಜಿನ ಸುತ್ತ ಯಾರೂ ಉತ್ತರ ಹೇಳಲಿಲ್ಲ.

ಅಮೆರಿಕದ ವಾಹನ ಸವಾರರ ಸಂಘ ಎಎಎ ಪ್ರತಿವರ್ಷ ಕಾರು ಸಾಕೋ ಖರ್ಚಿನ ಲೆಕ್ಕ ಹಾಕುತ್ತೆ. 2024ರ ಲೆಕ್ಕದಂತೆ, ಹೊಸ ಕಾರನ್ನು ವರ್ಷಕ್ಕೆ 15 ಸಾವಿರ ಮೈಲಿ ಓಡಿಸೋರಿಗೆ ಎಲ್ಲ ಸೇರಿ ಸರಾಸರಿ 12,297 ಡಾಲರ್. ಅದರಲ್ಲಿ ಅತಿ ದೊಡ್ಡ ಪಾಲು ಪೆಟ್ರೋಲೂ ಅಲ್ಲ, ರಿಪೇರಿಯೂ ಅಲ್ಲ. ಕಾರಿನ ಮೌಲ್ಯ ಕುಸಿಯೋದು. ಯಾವ ಬಿಲ್ಲಿನಲ್ಲೂ ಕಾಣದ ಖರ್ಚು ಅದು, ಮಾರುವ ದಿನ ಒಟ್ಟಿಗೆ ಎದುರಾಗುತ್ತೆ. ಮಿಯಾಟಾದಂಥ ಕಾರು ಇಲ್ಲಿ ಗೆಲ್ಲೋದು ಹೇಗೆ ಅಂದ್ರೆ, 1989ರಿಂದ ಅದೇ ಸೂತ್ರ: ಹಗುರ, ಎರಡು ಸೀಟು, ಮುಂದೆ ಎಂಜಿನ್, ಹಿಂಚಕ್ರಕ್ಕೆ ಶಕ್ತಿ. 2016ರಲ್ಲೇ 10 ಲಕ್ಷ ದಾಟಿದೆ. ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತೆ, ಕೈ ಹಾಕದ ಮೆಕ್ಯಾನಿಕ್ ಇಲ್ಲ, ಹಳೆಯದಾದರೂ ಕೇಳೋರು ಇದ್ದೇ ಇರ್ತಾರೆ. ಹೆಂಡತಿಯ ಪ್ರಶ್ನೆಗೆ ಉತ್ತರ ಅದರಲ್ಲೇ ಇತ್ತು.

ವಿಮೆಯ ಬಗ್ಗೆಯೂ ಒಂದು ಮಾತು. ಹೊಸದಾಗಿ ಬಂದವರಿಗೆ ಇಲ್ಲಿ ಚಾಲನೆಯ ಇತಿಹಾಸ ಇರೋಲ್ಲ, ಬೆಂಗಳೂರಿನ ಹತ್ತು ವರ್ಷ ಲೆಕ್ಕಕ್ಕಿಲ್ಲ. ಕಾರು ಗೊತ್ತುಮಾಡೋ ಮೊದಲೇ ಅದೇ ಮಾದರಿ, ಅದೇ ವರ್ಷ ಹಾಕಿ ಮೂರ್ನಾಲ್ಕು ಕಡೆ ಕೇಳಿ. ನನಗೆ ಬಂದ ಅಂಕಿಗಳಲ್ಲಿ ಮಿಯಾಟಾಕ್ಕೂ ವಿ8 ಕಾರಿಗೂ ಇದ್ದ ಅಂತರ, ಪೆಟ್ರೋಲಿನ ಅಂತರಕ್ಕಿಂತ ಜಾಸ್ತಿ ಇತ್ತು.

ಎರಡು ತಿಂಗಳು ಹುಡುಕಿ, 2019ರ ಒಂದು ಮಿಯಾಟಾ ಕೊಂಡೆ. 28 ಸಾವಿರ ಮೈಲಿ ಓಡಿತ್ತು, ಬೆಲೆ 23,500 ಡಾಲರ್. ಸಾಲ ಇಲ್ಲ. ಬೇರೆ ಮೆಕ್ಯಾನಿಕ್ ಹತ್ತಿರ ಒಯ್ದು ಲಿಫ್ಟಿಗೆ ಏರಿಸಿ ತಳ ನೋಡಿಸಿದ ಮೇಲೇ ಚೆಕ್ ಬರೆದದ್ದು. ಉಳಿದ ದುಡ್ಡಲ್ಲಿ ರಾಜ್ಯದ ತೆರಿಗೆ ಕಳೆದು ಮಿಕ್ಕಿದ್ದನ್ನು ಮುಟ್ಟಿಲ್ಲ. ಊರಲ್ಲಿ ಚಿಕ್ಕಪ್ಪ ವಿಡಿಯೋ ಕಾಲಿನಲ್ಲಿ ಕಾರು ನೋಡಿ, ಡಾಲರನ್ನು ರೂಪಾಯಿಗೆ ತಿರುಗಿಸಿ, "ಇಷ್ಟು ದುಡ್ಡಿಗೆ ಎರಡೇ ಸೀಟಾ?" ಅಂತ ನಿಟ್ಟುಸಿರಿಟ್ಟರು. ಗ್ಲವ್ ಬಾಕ್ಸ್ ಕೂಡ ಇಲ್ಲ ಅಂತ ನಾನು ಹೇಳಲಿಲ್ಲ. ಡಿಕ್ಕಿ 130 ಲೀಟರ್. ಸೋನಾ ಮಸೂರಿಯ ಎರಡು ಚೀಲ ಇಟ್ಟರೆ ತೊಗರಿಬೇಳೆ ಹೆಂಡತಿಯ ಕಾಲ ಬಳಿ.

ಒಂದು ವರ್ಷದ ಲೆಕ್ಕ ಬರೆದಿಟ್ಟಿದ್ದೇನೆ. 7,400 ಮೈಲಿ. ಪೆಟ್ರೋಲ್ 1,020 ಡಾಲರ್, ವಿಮೆ 1,380, ಎರಡು ಸಲ ಆಯಿಲ್ 150, ಬ್ರೇಕ್ ದ್ರವ ಬದಲಿಸಿದ್ದಕ್ಕೆ 130. ಈ ಕೊನೆಯದನ್ನು ಬಹಳ ಜನ ಮರೀತಾರೆ. ಬ್ರೇಕ್ ದ್ರವ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ, ಬೆಟ್ಟ ಇಳಿವಾಗ ಆ ನೀರು ಕುದಿದು ಆವಿಯಾದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಘಾಟಿ ಇಳಿವಾಗ ಗೇರಿನಲ್ಲೇ ಹಿಡೀರಿ. ರಿಪೇರಿ ಅಂತ ಇಲ್ಲಿವರೆಗೆ ಏನೂ ಬಂದಿಲ್ಲ.

ಹಿಂದಿನ ಟೈರುಗಳು ಮಾತ್ರ ಕೊನೆಗೆ ಬಂದಿವೆ. ಅಕ್ಟೋಬರ್‌ನಲ್ಲಿ ಸ್ಮೋಕಿ ಬೆಟ್ಟದ ಎಲೆಗಳು ಬಣ್ಣ ತಿರುಗೋ ಮೊದಲು ಹೊಸ ಸೆಟ್ಟು ಹಾಕಿಸಬೇಕು. ಹೆಂಡತಿ ಈಗ ಖಾಲಿ ಪಾರ್ಕಿಂಗ್ ಜಾಗದಲ್ಲಿ ಕ್ಲಚ್ ಕಲೀತಿದ್ದಾಳೆ. ಆ ಸಲ ಡ್ರ್ಯಾಗನ್ನಿನ ಬಾಲಕ್ಕೆ ಹೋದಾಗ ಪಕ್ಕದ ಸೀಟು ನಂದೇ ಅಂತೆ.